ಹಂದಿಗೋಡಿನ ನೋವು: ಬಟ್ಟಲು ತಿರುಗಿಸಿದರೂ ಕೂರದ ಚೆಂಡು

ಕರಾವಳಿಯ ಅವರ್ಸಾ ಇರಲಿ, ಘಟ್ಟದ ಮೇಲಿನ ಸಾಗರ ಇರಲಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುವುದು ತಾಯಂದಿರ ರೂಢಿ. ಕಾಲುಗಳು ಇಕ್ಕೆಲಕ್ಕೂ ಅಗಲವಾಗಿರುವ ಈ ಭಂಗಿ ಹಸುಳೆಯ ಸೊಂಟದ ಕೀಲಿಗೆ ಒಳ್ಳೆಯದೆನ್ನುತ್ತಾರೆ ಮೂಳೆ ವೈದ್ಯರು. ಜಪಾನಿನಲ್ಲಿ ಕೂಸುಗಳ ಕಾಲನ್ನು ನೇರವಾಗಿ ಬಿಗಿದು ಸುತ್ತುವ ಪದ್ಧತಿಯ ವಿರುದ್ಧ 1975ರ ಸುಮಾರಿಗೆ ಪ್ರಚಾರ ನಡೆದ ಮೇಲೆ ಕೀಲು ಜಾರುವ ಪ್ರಕರಣಗಳು ಗಣನೀಯವಾಗಿ ಇಳಿದವು.

ಹೆಚ್ಚುಕಡಿಮೆ ಅದೇ ಕಾಲಕ್ಕೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೇರೆಯೇ ಬಗೆಯ ಸೊಂಟದ ಬೇನೆ ಬೆಳಕಿಗೆ ಬಂತು. ಹುಟ್ಟುವಾಗ ಸರಿಯಾಗಿದ್ದಂತೆ ಕಾಣುತ್ತಿದ್ದ ಮಕ್ಕಳು ಬೆಳೆಯುತ್ತಾ ಕುಂಟತೊಡಗುತ್ತಿದ್ದರು. ಕೆಲವರ ಬೆಳವಣಿಗೆ ಕುಂಠಿತವಾಗಿ ಅವರು ಕುಳ್ಳರಾಗಿಯೇ ಉಳಿದರು. ಬೇನೆ ಬಲಿತವರಿಗೆ ಕೋಲೇ ಗತಿಯಾಯಿತು. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು.

ಬಾಧಿತರಲ್ಲಿ ಹೆಚ್ಚಿನವರು ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ ಬಡ ಕೂಲಿಕಾರರು. ಹೀಗಾಗಿ ಮೊದಲ ಅನುಮಾನ ಅವರ ಊಟದ ಮೇಲೆ ಹೋಯಿತು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿ ತಿಂದದ್ದೇ ಕಾರಣವಿರಬಹುದೆಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಭಟ್ ಮತ್ತು ಕೃಷ್ಣಮಾಚಾರಿ ಎಂಬ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಮುಂದೆ ಎಕ್ಸ್‌-ರೇ ಮತ್ತು ವಂಶಾವಳಿಗಳ ಪರಿಶೀಲನೆಯಿಂದ, ಇದು ಬೆಳೆಯುವ ಮೂಳೆಯಲ್ಲೇ ಇರುವ ಆನುವಂಶಿಕ ದೋಷವೆಂದು ಸ್ಪಷ್ಟವಾಯಿತು. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೆ ಅದು ದಾಟುವ ಸಂಭವ ಅರ್ಧಕ್ಕರ್ಧ.

ಹಾಗಾದರೆ ಶಸ್ತ್ರಕ್ರಿಯೆಯಿಂದ ಸರಿಪಡಿಸಲಾಗದೇ? ಸೊಂಟದ ಕೀಲೆಂದರೆ ಬಟ್ಟಲಿನೊಳಗೆ ಕೂತ ಚೆಂಡು. ಬಟ್ಟಲು ಆಳವಿಲ್ಲದಿದ್ದರೆ ಚೆಂಡು ಜಾರುತ್ತದೆ. ಹಸುಳೆಯಲ್ಲೇ ಪತ್ತೆಯಾದರೆ ಪಟ್ಟಿ ಕಟ್ಟಿ ಸರಿಮಾಡಬಹುದು. ನಡೆಯುವ ವಯಸ್ಸು ದಾಟಿದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ದಾರಿ. ಕೆನಡಾದ ಟೊರಾಂಟೊದಲ್ಲಿ ರಾಬರ್ಟ್ ಸಾಲ್ಟರ್ 1957ರಲ್ಲಿ ಹೊಸ ವಿಧಾನವೊಂದನ್ನು ಕಂಡುಹಿಡಿದರು. ಬಟ್ಟಲಿನ ಮೇಲ್ಭಾಗದಲ್ಲಿ ಸೊಂಟದ ಮೂಳೆಯನ್ನು ಕತ್ತರಿಸಿ, ಬಟ್ಟಲನ್ನು ಚೆಂಡಿನ ಮೇಲೆ ಬರುವಂತೆ ವಾಲಿಸಿ, ನಡುವೆ ಮೂಳೆಯ ತುಂಡೊಂದನ್ನು ಸಿಕ್ಕಿಸುವುದು ಅದರ ಕ್ರಮ. ಇದು ಮುಖ್ಯವಾಗಿ ಒಂದೂವರೆಯಿಂದ ಆರು ವರ್ಷದೊಳಗಿನ ಮಕ್ಕಳಿಗೆ. ಮೂಳೆ ಬೆಳೆದು ಮುಗಿಯುತ್ತಿರುವ ಹದಿಹರೆಯದವರಿಗೂ ವಯಸ್ಕರಿಗೂ, ಬಟ್ಟಲನ್ನು ಸುತ್ತಲೂ ಬಿಡಿಸಿ ತಿರುಗಿಸುವ ವಿಧಾನವನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಜ್ 1984ರಲ್ಲಿ ಆರಂಭಿಸಿದರು.

ಆದರೆ ಈ ಎರಡಕ್ಕೂ ಚೆಂಡು ಸಾಕಷ್ಟು ದುಂಡಗಿರಬೇಕು. ಹಂದಿಗೋಡು ಕಾಯಿಲೆಯಲ್ಲಿ ಬಟ್ಟಲಿನ ಜೊತೆಗೆ ತೊಡೆಮೂಳೆಯ ತಲೆಯೂ ಚಪ್ಪಟೆಯಾಗಿ ಸವೆಯುತ್ತದೆ. ಬಟ್ಟಲನ್ನು ಎಷ್ಟು ತಿರುಗಿಸಿದರೂ ಅದರೊಳಗೆ ಕೂರಲು ಸರಿಯಾದ ಚೆಂಡೇ ಇಲ್ಲ. ಕೃತಕ ಕೀಲು ಜೋಡಿಸಿದರೆ ನೋವು ತಗ್ಗುತ್ತದೆ, ನಡಿಗೆ ಸುಧಾರಿಸುತ್ತದೆ. ಆದರೆ ಅದೂ ಕಾಲಕ್ರಮದಲ್ಲಿ ಸವೆಯುವುದರಿಂದ, ಬೆಳೆಯುವ ಮಗುವಿಗೆ ಅದನ್ನು ಹಾಕಲು ವೈದ್ಯರು ಹಿಂಜರಿಯುತ್ತಾರೆ. ಅಷ್ಟರವರೆಗೆ ಆ ಮಗು ಶಾಲೆಗೆ ಹೋಗಬೇಕು, ದೊಡ್ಡದಾದ ಮೇಲೆ ದುಡಿಯಲೂ ಬೇಕು.

ಮೂಲ ದೋಷವನ್ನೇ ಗುಣಪಡಿಸುವ ಔಷಧವಿಲ್ಲ. ನೋವು ತಗ್ಗಿಸುವ ಮಾತ್ರೆ, ವ್ಯಾಯಾಮ, ಊರುಗೋಲು, ಮದುವೆಗೆ ಮುನ್ನ ಆನುವಂಶಿಕ ಸಲಹೆ ಮತ್ತು ಕೈಗೆಟಕುವ ಆಸ್ಪತ್ರೆ, ಇವಿಷ್ಟು ಮಾಡಬಹುದಾದ ಕೆಲಸಗಳು. ತಿಂದ ಏಡಿಯದಾಗಲಿ, ಮಗುವನ್ನು ಎತ್ತಿಕೊಂಡ ತಾಯಿಯದಾಗಲಿ ಇದರಲ್ಲಿ ತಪ್ಪಿಲ್ಲ ಎಂಬುದು ಆ ಮನೆಗಳಿಗೆ ತಿಳಿಯಬೇಕಾದ ಮೊದಲ ಮಾತು.