ಕೋವಿಡ್ ನಮ್ಮಿಂದ ಕಾಡಿಗೆ ಹೋಗಿದ್ದು ಹೇಗೆ? ಜಿಂಕೆಗಳು ಹೇಳುವ ಲೆಕ್ಕ

ಕೋವಿಡ್ ಎಲ್ಲಿಂದ ಬಂತು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಬಾವಲಿ, ವುಹಾನ್ ಮಾರುಕಟ್ಟೆ, ಪ್ರಯೋಗಾಲಯ ಅಂತ ಟಿವಿಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆದಿದೆ. ಆದರೆ ಅದು ನಮ್ಮಿಂದ ಎಲ್ಲಿಗೆ ಹೋಯಿತು ಅಂತ ಕೇಳಿದವರು ಕಡಿಮೆ. ಅದಕ್ಕೂ ಉತ್ತರವಿದೆ. ಮನುಷ್ಯರು ಈ ವೈರಸ್ಸನ್ನು ಕಾಡುಪ್ರಾಣಿಗಳಿಗೆ ಅಂಟಿಸಿದ್ದಾರೆ. ಅಮೆರಿಕದ ಜಿಂಕೆಗಳಿಗಂತೂ ನೂರಕ್ಕೂ ಹೆಚ್ಚು ಸಲ. ಅದು ಹೇಗೆ ಗೊತ್ತಾಯಿತು, ನಮ್ಮ ಸರ್ಕಾರಗಳು ಯಾಕೆ ತಲೆಕೆಡಿಸಿಕೊಳ್ಳಬೇಕು ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಸ್ಪಿಲ್‌ಬ್ಯಾಕ್ ಅಂದರೆ ಏನು?

ರೋಗಾಣು ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟುವುದು ಸ್ಪಿಲ್‌ಓವರ್. ಮನುಷ್ಯರಲ್ಲಿ ಹರಡಿದ ರೋಗಾಣು ಪ್ರಾಣಿಗಳಿಗೆ ವಾಪಸ್ ಹೋದರೆ ಅದನ್ನು ಸ್ಪಿಲ್‌ಬ್ಯಾಕ್ ಅನ್ನುತ್ತಾರೆ. ಈ ಕೊರೊನಾವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಬಾಗಿಲು ಎಸಿಇ2 ಎಂಬ ಪ್ರೋಟೀನ್. ಹಲವು ಸಸ್ತನಿಗಳಲ್ಲಿ ಆ ಬಾಗಿಲು ಹೆಚ್ಚುಕಮ್ಮಿ ನಮ್ಮದರಂತೆಯೇ ಇದೆ. ಹಾಗಾಗಿ ದಾಟುವುದು ಕಷ್ಟವಲ್ಲ.

ದಾಟಿದ ವೈರಸ್ ಬಹಳ ಸಲ ಅಲ್ಲಿಗೇ ನಿಂತುಹೋಗುತ್ತದೆ. ಆದರೆ ಆ ಪ್ರಾಣಿಗಳು ತಮ್ಮತಮ್ಮಲ್ಲೇ ಅದನ್ನು ಹರಡಿಕೊಳ್ಳಲು ಶುರುಮಾಡಿದರೆ, ಮನುಷ್ಯರಲ್ಲಿ ಸೋಂಕು ನಿಂತರೂ ವೈರಸ್ಸಿಗೆ ಇನ್ನೊಂದು ಮನೆ ಸಿಕ್ಕಂತೆ.

ಮೊದಲು ಕಂಡದ್ದು ಮೃಗಾಲಯಗಳಲ್ಲಿ

2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಯೊಂದಕ್ಕೆ ಕೋವಿಡ್ ದೃಢಪಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ 8 ಸಿಂಹಗಳಿಗೆ, ಜೂನ್‌ನಲ್ಲಿ ಚೆನ್ನೈ ಬಳಿಯ ವಂಡಲೂರು ಮೃಗಾಲಯದ ಸಿಂಹಗಳಿಗೆ ಸೋಂಕು ತಗುಲಿತು. ವಂಡಲೂರಿನಲ್ಲಿ ನೀಲಾ ಎಂಬ ಸಿಂಹಿಣಿ ಸತ್ತಿತು. ಅಲ್ಲಿನ ಸಿಂಹಗಳಲ್ಲಿ ಸಿಕ್ಕಿದ್ದು ಆಗ ನಮ್ಮೆಲ್ಲರ ಮನೆಗಳನ್ನು ನಡುಗಿಸುತ್ತಿದ್ದ ಅದೇ ಡೆಲ್ಟಾ. ಬೋನಿನಲ್ಲಿರುವ ಸಿಂಹ ಊರು ಸುತ್ತಲ್ಲ. ಸೋಂಕನ್ನು ಅದರ ಬಳಿಗೆ ಯಾರೋ ಮನುಷ್ಯರೇ ತಂದಿರಬೇಕು.

ಜಿಂಕೆಗಳಲ್ಲಿ ಆಗಿದ್ದೇನು?

ಅಮೆರಿಕದ ಬಿಳಿಬಾಲದ ಜಿಂಕೆಗಳು ದಟ್ಟ ಕಾಡಿಗಷ್ಟೇ ಸೀಮಿತವಲ್ಲ. ಊರಂಚಿನ ಹಿತ್ತಲು, ಪಾರ್ಕು, ಹೊಲಗಳಲ್ಲೂ ಮೇಯುತ್ತವೆ. 2021ರ ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿನ ಕೃಷಿ ಇಲಾಖೆ ನಾಲ್ಕು ರಾಜ್ಯಗಳಲ್ಲಿ ಸಂಗ್ರಹಿಸಿದ 385 ರಕ್ತದ ಮಾದರಿಗಳ ಪೈಕಿ ಶೇ. 40ರಲ್ಲಿ ಈ ವೈರಸ್ ವಿರುದ್ಧದ ಪ್ರತಿಕಾಯಗಳಿದ್ದವು.

ಪ್ರತಿಕಾಯ ಇದ್ದರೆ ವೈರಸ್ ಎಂದೋ ಬಂದು ಹೋಗಿದೆ ಅಂತ ಅರ್ಥ. ವೈರಸ್ಸೇ ಸಿಕ್ಕಿದ್ದು ಅಯೋವಾದಲ್ಲಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸುರೇಶ್ ಕುಚಿಪುಡಿ, ವಿವೇಕ್ ಕಪೂರ್ ಮತ್ತು ಸಂಗಡಿಗರು ಅಲ್ಲಿನ 283 ಜಿಂಕೆಗಳ ಮಾದರಿ ಪರೀಕ್ಷಿಸಿದಾಗ 94ರಲ್ಲಿ ಸೋಂಕು ಕಂಡಿತು. ಗಮನಿಸಿ, ಈ ಮಾದರಿಗಳನ್ನು ಕೋವಿಡ್‌ಗಾಗಿ ತೆಗೆದಿರಲಿಲ್ಲ. ಜಿಂಕೆಗಳನ್ನು ಕಾಡುವ ಬೇರೊಂದು ಕಾಯಿಲೆಯ ಮೇಲೆ ನಿಗಾ ಇಡಲು ರಾಜ್ಯ ಸರ್ಕಾರ ಮೊದಲಿಂದಲೂ ಸಂಗ್ರಹಿಸುತ್ತಿತ್ತು. ಆ ವ್ಯವಸ್ಥೆ ಇತ್ತು, ಅದಕ್ಕೇ ಇದು ಗೊತ್ತಾಯಿತು.

ಮುಂದೆ 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ಅಮೆರಿಕದ ಹಲವು ರಾಜ್ಯಗಳಲ್ಲಿ 8,830 ಮಾದರಿ ತೆಗೆದರು. ವೈರಸ್ಸಿನ ಜೀನೋಮ್ ಹೋಲಿಸಿ ನೋಡಿದಾಗ, ಮನುಷ್ಯರಿಂದ ಜಿಂಕೆಗೆ ಕನಿಷ್ಠ 109 ಸಲ ಬೇರೆಬೇರೆಯಾಗಿ ದಾಟಿದ್ದು ಕಂಡಿತು. ನ್ಯೂಯಾರ್ಕ್ ರಾಜ್ಯದ ಜಿಂಕೆಗಳಲ್ಲಂತೂ, ಮನುಷ್ಯರಲ್ಲಿ ಬಹುತೇಕ ಮಾಯವಾಗಿದ್ದ ಆಲ್ಫಾ, ಗಾಮಾ ತಳಿಗಳು ಇನ್ನೂ ಓಡಾಡಿಕೊಂಡಿದ್ದವು.

ಅದು ವಾಪಸ್ ಬರಬಹುದಾ?

ಬಂದಿದೆ. 2020ರಲ್ಲಿ ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕಿನ ಮಿಂಕ್ ಫಾರಂಗಳಲ್ಲಿ ಕಾರ್ಮಿಕರಿಂದ ಮಿಂಕ್‌ಗಳಿಗೆ ಹೋದ ವೈರಸ್ ಮತ್ತೆ ಮನುಷ್ಯರಿಗೆ ಬಂತು. ಮಿಂಕ್ ಅಂದರೆ ತುಪ್ಪಳಕ್ಕಾಗಿ ಸಾಕುವ ಪುಟ್ಟ ಪ್ರಾಣಿ. ಡೆನ್ಮಾರ್ಕ್ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ದೇಶದ ಎಲ್ಲಾ ಮಿಂಕ್‌ಗಳನ್ನು, ಅಂದರೆ ಒಂದೂವರೆ ಕೋಟಿಗೂ ಹೆಚ್ಚು ಪ್ರಾಣಿಗಳನ್ನು, ಕೊಲ್ಲಿಸಲು ಹೇಳಿದರು. ಅಂಥ ಆದೇಶಕ್ಕೆ ಕಾನೂನಿನ ಬಲವೇ ಇರಲಿಲ್ಲ ಅಂತ ಆಮೇಲೆ ಬಯಲಾಗಿ ಕೃಷಿ ಸಚಿವರು ರಾಜೀನಾಮೆ ಕೊಟ್ಟರು. ಸತ್ತಿದ್ದು ಪ್ರಾಣಿಗಳು, ನೆಲಕಚ್ಚಿದ್ದು ರೈತರ ಬದುಕು.

ಕೆನಡಾದ ಒಂಟಾರಿಯೊದಲ್ಲೂ ಜಿಂಕೆಗಳಲ್ಲಿ ಬಹಳ ಬದಲಾದ ತಳಿಯೊಂದು ಸಿಕ್ಕಿತು. ಅದಕ್ಕೆ ಹತ್ತಿರದ ವೈರಸ್, ಜಿಂಕೆಗಳ ಸಂಪರ್ಕದಲ್ಲಿದ್ದ ವ್ಯಕ್ತಿಯೊಬ್ಬರಲ್ಲೂ ಕಂಡಿತು. ಹಾಗಂತ ಹೆದರಿ ಜಿಂಕೆಗಳಿಗೆ ಗುಂಡು ಹಾರಿಸೋಕೆ ಹೊರಡಬೇಕಿಲ್ಲ. ಪ್ರಾಣಿಗಳಿಂದ ನಮಗೆ ಕೋವಿಡ್ ಬರುವ ಸಾಧ್ಯತೆ ಕಡಿಮೆ. ಅದಕ್ಕಿಂತ ನಮ್ಮಿಂದ ಅವಕ್ಕೆ ಹೋಗುವುದೇ ಹೆಚ್ಚು.

ಹಾಗೆ ಹೋದದ್ದು ಅವುಗಳ ಜೀವವನ್ನೇ ತೆಗೆಯಬಹುದು. 2013ರಲ್ಲಿ ಉಗಾಂಡದ ಕಿಬಾಲೆ ಕಾಡಿನಲ್ಲಿ 56 ಚಿಂಪಾಂಜಿಗಳ ಗುಂಪಿನಲ್ಲಿ 5 ಸತ್ತವು. ಕಾರಣ ರೈನೋವೈರಸ್ ಸಿ, ನಮಗೆ ನೆಗಡಿ ತರಿಸುವ ವೈರಸ್.

ನಮ್ಮಲ್ಲಿ ಆಗಬೇಕಾದ್ದೇನು?

ಭಾರತ ಕೈಕಟ್ಟಿ ಕೂತಿರಲಿಲ್ಲ. 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಪ್ರವಾಸಿಗರನ್ನು ಬಿಡುವುದು ನಿಂತಿತು. ನಮ್ಮ ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೈನಲ್ಲಿ 28 ಸಾಕಾನೆಗಳ ಪರೀಕ್ಷೆ ನಡೆಯಿತು, ಯಾವುದಕ್ಕೂ ಸೋಂಕಿರಲಿಲ್ಲ. 2022ರಲ್ಲಿ ಹಿಸಾರ್‌ನ ಸಂಸ್ಥೆ ಪ್ರಾಣಿಗಳಿಗೆಂದೇ ‘ಅನೋಕೋವ್ಯಾಕ್ಸ್’ ಲಸಿಕೆ ತಂತು. ಆದರೆ ಲಸಿಕೆ ಹಾಕಬಹುದಾದ್ದು ಕೈಗೆ ಸಿಗುವ ಪ್ರಾಣಿಗಳಿಗೆ. ಕಾಡಿನ ಚಿರತೆಗೆ ಸೂಜಿ ಚುಚ್ಚೋರು ಯಾರು? ಉತ್ತರ ಪ್ರದೇಶದ ಬಿಜ್ನೋರ್‌ನಲ್ಲಿ ಸತ್ತ ಕಾಡುಚಿರತೆಯೊಂದರಲ್ಲಿ ಡೆಲ್ಟಾ ಸಿಕ್ಕಿದ್ದು ಗೊತ್ತಿರಲಿ.

ಕರ್ನಾಟಕಕ್ಕೆ ಇದರಲ್ಲಿ ಹಳೆಯ ಅನುಭವವಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯಿಂದಾಗಿ, ಮಲೆನಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ಸುದ್ದಿ ಹೋಗಬೇಕು ಅನ್ನೋದು ಎಲ್ಲರಿಗೂ ಗೊತ್ತು. ಈ ಎಚ್ಚರ ಮನುಷ್ಯರನ್ನು ಉಳಿಸೋಕೆ. ಇದೇ ಎಚ್ಚರ ಎದುರು ದಿಕ್ಕಿನಲ್ಲೂ ಬೇಕು ಅನ್ನೋದು ನನ್ನ ವಾದ: ಊರಲ್ಲಿ ಉಸಿರಾಟದ ಸೋಂಕು ಏರಿದಾಗ ಅರಣ್ಯ ಇಲಾಖೆಗೂ ಸುದ್ದಿ ಹೋಗಬೇಕು, ಸತ್ತ ಕಾಡುಪ್ರಾಣಿಗಳ ಮಾದರಿಗಳನ್ನು ಅಯೋವಾದಂತೆ ತಪ್ಪದೆ ತೆಗೆದಿಡಬೇಕು.

ಇನ್ನೊಂದು ವಿಷಯ ಯಾವ ‘ಒನ್ ಹೆಲ್ತ್’ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಪ್ರಾಣಿಗಳ ಹತ್ತಿರ ದಿನವೂ ಹೋಗುವವರು ಮಾವುತರು, ಕಾವಾಡಿಗಳು, ಮೃಗಾಲಯದ ಪಾಲಕರು, ಅರಣ್ಯ ವಾಚರ್‌ಗಳು. ಇವರಲ್ಲಿ ಎಷ್ಟೋ ಮಂದಿ ದಿನಗೂಲಿ ಅಥವಾ ಹೊರಗುತ್ತಿಗೆ ನೌಕರರು. ಜ್ವರ ಬಂತು ಅಂತ ಮನೆಯಲ್ಲಿ ಮಲಗಿದರೆ ಅವತ್ತಿನ ಕೂಲಿ ಹೋಯಿತು. ಕೆಮ್ಮುತ್ತಲೇ ಕೆಲಸಕ್ಕೆ ಬರುವ ಹಾಗೆ ಮಾಡಿಟ್ಟು, ಸೋಂಕು ಹರಡಿದ ಮೇಲೆ ಅವರ ಮೇಲೇ ಗೂಬೆ ಕೂರಿಸೋದು ಅನ್ಯಾಯ. ಸಂಬಳಸಹಿತ ಅನಾರೋಗ್ಯ ರಜೆ, ಒಳ್ಳೆಯ ಮಾಸ್ಕು, ಉಚಿತ ಪರೀಕ್ಷೆ – ಇವು ಕಾರ್ಮಿಕರ ಹಕ್ಕು. ಸಿಂಹ, ಆನೆಗಳನ್ನು ಕಾಯುವ ಅಗ್ಗದ ದಾರಿಯೂ ಇದೇ. ಮುಂದಿನ ಬಜೆಟ್ಟಿನಲ್ಲಿ ವನ್ಯಜೀವಿ ರಕ್ಷಣೆಗೆ ಎಷ್ಟು ಕೋಟಿ ಅಂತ ಕೇಳುವಾಗ, ಅದರಲ್ಲಿ ವಾಚರ್‌ನ ಜ್ವರದ ರಜೆಗೆ ಎಷ್ಟು ಅಂತಲೂ ಕೇಳೋಣ.