ಉಡುಪಿ ಹೋಟೆಲಿನ ಮಾಣಿ ಧಣಿಯಾದ ಬಗೆ

ಉಡುಪಿ ಹೋಟೆಲು ಹೆಸರಿಗೆ ಉಡುಪಿಯದಾದರೂ ಉದ್ಯಮವಾಗಿ ಬೆಳೆದದ್ದು ಮದರಾಸು, ಬೆಂಗಳೂರು, ಮುಂಬಯಿಗಳಲ್ಲಿ. ಅಷ್ಟಮಠಗಳ ಅಡುಗೆಮನೆಗಳಲ್ಲಿ ಪಂಕ್ತಿಗೆ ನೂರಾರು ಎಲೆ ಹಾಕಿ ಬಡಿಸಿದ ರೂಢಿ ಅದರ ಬಂಡವಾಳ. ಕರಾವಳಿಯ ಬಡತನ ಅದರ ಪ್ರೇರಣೆ. ಇದ್ದ ಗದ್ದೆ ದೊಡ್ಡ ಸಂಸಾರಕ್ಕೆ ಸಾಲದಾದಾಗ ಹುಡುಗರು ಮೀಸೆ ಮೂಡುವ ಮೊದಲೇ ಊರು ಬಿಡುತ್ತಿದ್ದರು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಮದರಾಸಿನ ದಾರಿ ಸಲೀಸಾಯಿತು. ಮುಂಬಯಿಗೆ ಹಡಗಿತ್ತು.

ಹೊಸಬನಿಗೆ ಮೊದಲು ಸಿಗುತ್ತಿದ್ದುದು ಲೋಟ ತೊಳೆಯುವ, ಮೇಜು ಒರೆಸುವ, ಹಿಟ್ಟು ರುಬ್ಬುವ ಕೆಲಸ. ಆಮೇಲೆ ಬಡಿಸುವ ಮಾಣಿ. ಮಾಣಿಯ ಕೈಯಲ್ಲಿ ಚೀಟಿಯಿಲ್ಲ. ನಾಲ್ಕಾರು ಮೇಜಿನವರು ಹೇಳಿದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಒಳಗೆ ಕೂಗಿ ಹೇಳಬೇಕು, ಗಿರಾಕಿ ಏಳುವಷ್ಟರಲ್ಲಿ ಲೆಕ್ಕ ಕೂಡಿಸಿ ಗಲ್ಲಾದತ್ತ ಕೂಗಬೇಕು. ಅಡುಗೆ ಭಟ್ಟರು ಯಾರನ್ನೂ ಕೂರಿಸಿ ಪಾಠ ಹೇಳುತ್ತಿರಲಿಲ್ಲ. ಸಾಂಬಾರಿನ ಹದ, ಹಿಟ್ಟಿನ ಹುಳಿ ಗೊತ್ತಾಗುತ್ತಿದ್ದುದು ತನ್ನ ಕೆಲಸ ಮುಗಿಸಿಯೂ ಒಲೆಯ ಬಳಿ ನಿಂತು ನೋಡಿದವನಿಗೆ ಮಾತ್ರ.

ಕಡಂದಲೆಯ ಕೆ. ಕೃಷ್ಣರಾಯರು ಹೀಗೆ ಮೇಲೆ ಬಂದವರು. ಮಠದ ಅಡುಗೆಮನೆಯಲ್ಲಿ ದುಡಿದು ಮದರಾಸಿಗೆ ಹೋದ ಅವರು ಅಲ್ಲಿ ಹೋಟೆಲಿನ ಕೆಲಸಕ್ಕೆ ನಿಂತರು. 1920ರ ದಶಕದ ನಡುವೆ ಅವರ ಧಣಿ ಆಚಾರಪ್ಪನ್ ಬೀದಿಯ ಹೋಟೆಲನ್ನು 700 ರೂಪಾಯಿಗೆ, ಕಂತಿನ ಮೇಲೆ, ಅವರಿಗೇ ಬಿಟ್ಟುಕೊಟ್ಟರು. ನಂಬಿಕಸ್ಥ ಆಳಿಗೆ ಹೋಟೆಲು ಒಪ್ಪಿಸುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಕೈಯಲ್ಲಿ ಕಾಸಿಲ್ಲದೆಯೂ ಹೂಂ ಅನ್ನುವ ಎದೆ ಬೇಕಿತ್ತು, ಅಷ್ಟೆ. ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದ ಮೇಲೆ, 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲು ಮಾಡಿದರು. ಕಾಫಿ-ತಿಂಡಿಯ ಕಸುಬು ವಸತಿ ಹೋಟೆಲಿಗೆ ಕೈಹಾಕಿದ್ದು ಸಣ್ಣ ಜಿಗಿತವಲ್ಲ. 1962ರಲ್ಲಿ ಕಾರಿನಲ್ಲೇ ಕೂತು ತಿನ್ನುವ ಡ್ರೈವ್-ಇನ್ ಬಂತು. ಅದು 2008ರವರೆಗೆ ನಡೆಯಿತು.

ಬೆಂಗಳೂರಿನಲ್ಲಿ ಇಂಥ ಹೆಜ್ಜೆ ಇಟ್ಟವರು ಕೋಟದ ಕಡೆಯ ಮಯ್ಯ ಸಹೋದರರು. ಅವರು 1924ರಲ್ಲಿ ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಂಸ್, ಅಂದರೆ ಎಂಟಿಆರ್. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಮೊದಲು ಎನ್ನುತ್ತದೆ ಆ ಸಂಸ್ಥೆ. 1951ರಲ್ಲಿ ಆ ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು ಯೂರೋಪಿನ ಹೋಟೆಲುಗಳನ್ನು ನೋಡಲೆಂದೇ ಹೋಗಿ ಬಂದರು. ತಂದದ್ದು ಅಡುಗೆಯ ಬಗೆಯನ್ನಲ್ಲ, ಶುಚಿತ್ವವನ್ನು: ಪಾತ್ರೆಗಳನ್ನು ಹಬೆಯಲ್ಲಿ ತೊಳೆಸತೊಡಗಿದರು, ಗಿರಾಕಿಗಳಿಗೆ ಅಡುಗೆಮನೆ ನೋಡಲು ಬಿಟ್ಟರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ ಹೋಟೆಲು ನಷ್ಟಕ್ಕೆ ಬಿದ್ದು ಬಾಗಿಲು ಹಾಕಬೇಕಾಯಿತು. ಮನೆಯವರು ಆಗ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿದರು. ಕೆಲಸಗಾರರ ಅನ್ನವೂ ಉಳಿಯಿತು.

ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದು ಬಾಳೆಎಲೆಯ ಊಟಕ್ಕೆ ಹೆಸರಾದರು.

ಆದರೆ ಈ ಏಣಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಾಗಿಲ ಮೇಲೆ ‘ಬ್ರಾಹ್ಮಣರ’ ಎಂಬ ಫಲಕವಿದ್ದ ಕಾಲದಲ್ಲಿ ಒಲೆಯ ಹತ್ತಿರ ಹೋಗಲು ಜಾತಿಯ ಅಡ್ಡಿಯಿತ್ತು. ನೆಂಟರ ಹುಡುಗನಿಗೆ ಸಲುಗೆಯೂ ಹೆಚ್ಚು. ಮುಂಬಯಿಯಲ್ಲಿ ಬಂಟರು ತಮ್ಮದೇ ಹೋಟೆಲು ಕಟ್ಟಿ ಆ ಅಡ್ಡಿಯನ್ನು ದಾಟಿದರು. ಹಗಲೆಲ್ಲ ಮೇಜು ಒರೆಸಿದ ಹುಡುಗರಿಗಾಗಿ ಅಲ್ಲಿ ಕನ್ನಡದ ರಾತ್ರಿ ಶಾಲೆಗಳೂ ನಡೆಯುತ್ತಿದ್ದವು. ಅಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದವರೂ ಇದ್ದಾರೆ.