ನಾದ ಮತ್ತು ಒತ್ತಡ: ಕಿವಿಯ ಮೇಲಿನ ಹೆಡ್‌ಫೋನಿನ ಪರೀಕ್ಷೆ ಬೆಳೆದುಬಂದ ಬಗೆ

ಉದಗೀರದ ಪೇಟೆಯಲ್ಲಿ ಹೆಡ್‌ಫೋನು ಮಾರಾಟವಾಗುವುದು ಒಂದೇ ಮಾತಿನ ಮೇಲೆ: "ಬೇಸ್ ಭಾರಿ ಅದ ನೋಡ್ರಿ ಕಾಕಾ." ಹಾಡೊಂದನ್ನು ಹಚ್ಚಿಕೊಡುತ್ತಾರೆ, ಅರ್ಧ ನಿಮಿಷ ಕೇಳುತ್ತೇವೆ, ದುಡ್ಡು ಎಣಿಸಿಕೊಡುತ್ತೇವೆ. ನಾನೂ ಹಾಗೇ ಒಂದನ್ನು ತಂದೆ. ಮನೆಗೆ ಬಂದು, ಕನ್ನಡಕ ಏರಿಸಿ, ಪೇಪರ್ ಹಿಡಿದು, ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಹಚ್ಚಿದೆ. ಅಂಗಡಿಯಲ್ಲಿ ತುಂಬಿ ಬಂದಿದ್ದ ಡಗ್ಗಾದ ನಾದ ಇಲ್ಲಿ ಸೊರಗಿತ್ತು. ಇಪ್ಪತ್ತು ನಿಮಿಷಕ್ಕೆ ಕನ್ನಡಕದ ಕಡ್ಡಿ ಕಿವಿಯ ಬುಡವನ್ನು ಒತ್ತತೊಡಗಿತು. ನೋವು ತಾಳದೆ ಕನ್ನಡಕ ತೆಗೆದಿಟ್ಟೆ. ಡಗ್ಗಾ ಮರಳಿ ಬಂತು!

ಅಂಗಡಿಯಲ್ಲಿ ನಾನು ಕನ್ನಡಕ ಹಾಕಿರಲಿಲ್ಲ. ಕಡ್ಡಿಯ ದಪ್ಪದಷ್ಟು ಸಂದಿ ಕುಶನ್ನಿನ ಕೆಳಗೆ ಬಿದ್ದಿತ್ತು, ಆ ಸಂದಿಯಿಂದ ಕೆಳಸ್ವರ ಸೋರಿಹೋಗಿತ್ತು. ಇಡೀ ಕಿವಿಯನ್ನು ಮುಚ್ಚುವ ದೊಡ್ಡ ಹೆಡ್‌ಫೋನಿಗೆ ಕಿವಿಯ ಸುತ್ತಲಿನ ಸಮ ಚರ್ಮದ ಆಸರೆ ಇದೆ. ಕಿವಿಯೊಳಗೆ ತೂರುವ ಇಯರ್‌ಫೋನಿಗೆ ರಬ್ಬರಿನ ಬಿರಡೆ ಇದೆ. ಕಿವಿಯ ಮೇಲೆ ಕೂರುವ ಹೆಡ್‌ಫೋನಿಗೆ ಮಾತ್ರ ಹೊರಕಿವಿಯ ಏರುತಗ್ಗುಗಳೇ ಪೀಠ. ಹಗುರ ಕೂತರೆ ಬೇಸ್ ಸೋರುತ್ತದೆ, ಗಟ್ಟಿ ಕೂತರೆ ಕಿವಿ ನೋಯುತ್ತದೆ. ಈ ಜಾತಿಯ ಹೆಡ್‌ಫೋನಿನಲ್ಲಿ ನಾದ, ನೆಮ್ಮದಿ ಬೇರೆ ಬೇರೆ ಗುಣಗಳೇ ಅಲ್ಲ. ಇಷ್ಟು ಸರಳ ವಿಷಯ ಪರೀಕ್ಷೆ ಮಾಡುವವರ ಲೆಕ್ಕಕ್ಕೆ ಬರಲು ಬಹಳ ಕಾಲ ಹಿಡಿಯಿತು, ಇನ್ನೂ ಪೂರ್ತಿ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ಕಾಲದಲ್ಲಿ ಪರೀಕ್ಷೆ ಎಂದರೆ ಕೇಳಿಸುತ್ತದೋ ಇಲ್ಲವೋ ಎಂಬುದಷ್ಟೇ. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ತನ್ನ ಅಡುಗೆಮನೆಯಲ್ಲಿ ಕೂತು ಕಟ್ಟಿದ ಹೆಡ್‌ಫೋನನ್ನು ನೌಕಾಪಡೆ ಕೊಂಡದ್ದು ಕ್ಷೀಣ ನಿಸ್ತಂತು ಸಂದೇಶವೂ ಅದರಲ್ಲಿ ಸ್ಪಷ್ಟವಾಗುತ್ತಿತ್ತು ಎಂದು. 1927ರಲ್ಲಿ ಮುಂಬೈಯಲ್ಲಿ ನಿಯಮಿತ ರೇಡಿಯೋ ಪ್ರಸಾರ ಶುರುವಾದಾಗ ಕ್ರಿಸ್ಟಲ್ ಸೆಟ್ಟಿನವರಿಗೆ ಹೆಡ್‌ಫೋನೇ ಗತಿ, ಆ ಸೆಟ್ಟಿಗೆ ಸ್ಪೀಕರ್ ನುಡಿಸುವ ಶಕ್ತಿ ಇರಲಿಲ್ಲ. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ಡಿಟಿ 48 ತಂದ ಮೇಲೆ, ಸುರುಳಿಯೂ ಪೊರೆಯೂ ಇರುವ ಡೈನಮಿಕ್ ಹೆಡ್‌ಫೋನು ಸ್ಟುಡಿಯೋ ಸೇರಿತು. ಮಿಲ್ವಾಕಿಯ ಜಾನ್ ಕಾಸ್ 1958ರಲ್ಲಿ ಸ್ಟೀರಿಯೋ ಹೆಡ್‌ಫೋನು ತಂದರು, ಮನೆಯಲ್ಲಿ ಕೂತು ಸಂಗೀತ ಕೇಳುವವರೂ ಗಿರಾಕಿಗಳಾದರು.

ಕಿವಿಯ ಮೇಲಿನ ಹೆಡ್‌ಫೋನಿನ ನಿಜವಾದ ಚರಿತ್ರೆ 1968ರಿಂದ. ಆ ವರ್ಷ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಬೆನ್ನು ತೆರೆದ ಹೆಡ್‌ಫೋನು ಬಿಟ್ಟಿತು. ಹಳದಿ ಸ್ಪಂಜಿನ ಕುಶನ್, ಹಗುರ ದೇಹ. ಕಿವಿಯನ್ನು ಬಿಗಿಯಾಗಿ ಮುಚ್ಚದಿದ್ದರೂ ಒಳ್ಳೆಯ ನಾದ ಬರುತ್ತದೆ ಎಂದು ಅದು ತೋರಿಸಿತು. ಬೆವರು ಆರುವುದಕ್ಕೂ ದಾರಿಯಾಯಿತು. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಜೊತೆಗೆ ಬಂದ ಹೆಡ್‌ಫೋನಿನ ತೂಕ ಸುಮಾರು 50 ಗ್ರಾಂ. 1984ರ ಕಾಸ್ ಪೋರ್ಟಾ ಪ್ರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಿವಿಯ ಮೇಲಿನ ಭಾರವನ್ನು ಕಣತಲೆಗೆ ಹಂಚುವ ಪುಟ್ಟ ಮೆತ್ತೆಗಳನ್ನೂ ಒತ್ತಡ ಹೆಚ್ಚುಕಡಿಮೆ ಮಾಡುವ ಗುಂಡಿಯನ್ನೂ ಇಟ್ಟಿತು. ನೋವನ್ನು ವಿನ್ಯಾಸದ ಪ್ರಶ್ನೆಯಾಗಿ ನೋಡಿದ ಈ ಮಾದರಿ 40 ವರ್ಷ ದಾಟಿದರೂ ಮಾರಾಟದಲ್ಲಿದೆ.

ಈ ವರ್ಷಗಳುದ್ದಕ್ಕೂ ನಮ್ಮ ಸೀಮೆ ಕೇಳುತ್ತಿದ್ದದ್ದು ರೇಡಿಯೋ. 1956ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳು. ನಿಜಾಮರ ಕಾಲದ ಡೆಕ್ಕನ್ ರೇಡಿಯೋ ಉರ್ದು, ತೆಲುಗು, ಮರಾಠಿ, ಕನ್ನಡ ನಾಲ್ಕರಲ್ಲೂ ಮಾತಾಡುತ್ತಿತ್ತು. ರಾಜ್ಯಗಳ ಗೆರೆ ಬದಲಾಗಿ ನಾವು ಗಡಿಯ ಆಚೆ, ಈಗಿನ ಮಹಾರಾಷ್ಟ್ರದ ಕಡೆ ಉಳಿದ ಮೇಲೆ, 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾಯಿತು. ರೇಡಿಯೋದ ಅಲೆಗೆ ಉಮರ್ಗಾದ ಬಳಿಯ ರಾಜ್ಯಗಡಿ ತಡೆಯಾಗಲಿಲ್ಲ. ಮನೆಗೆಲ್ಲ ಒಂದೇ ಡಬ್ಬಿ, ಒಂದೇ ದನಿ. ಭೀಮಸೇನ ಜೋಶಿಯವರ ದಾಸರಪದವನ್ನೂ ಅಭಂಗವನ್ನೂ ಒಂದೇ ಅಂಗಳದಲ್ಲಿ ಕೇಳಿದ ಕಿವಿಗಳು ಇಲ್ಲಿನವು. ಒಬ್ಬರೇ ಕೂತು ಕೇಳುವ ರೂಢಿ ಕ್ಯಾಸೆಟ್ಟು, ಮೊಬೈಲುಗಳ ಜೊತೆ ತಡವಾಗಿ ಬಂತು.

ಅಳತೆಯ ಶಾಸ್ತ್ರ ಬೆಳೆದದ್ದು ಬೇರೆ ದಾರಿಯಲ್ಲಿ. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್, ಮೆಲ್ಲನೆಯ ದನಿಯಲ್ಲಿ ಕೆಳಸ್ವರಕ್ಕೆ ನಮ್ಮ ಕಿವಿ ಮಂದವಾಗುತ್ತದೆ ಎಂದು ರೇಖೆ ಎಳೆದು ತೋರಿಸಿದರು. ಅಂಗಡಿಯವರು ವಾಲ್ಯೂಮ್ ಏರಿಸಿ ಕೇಳಿಸುವ ಗುಟ್ಟು ಇದೇ, ಜೋರಾದರೆ ಎಲ್ಲ ಹೆಡ್‌ಫೋನೂ ತುಂಬಿ ಕೇಳುತ್ತದೆ. ಹೋಲಿಸುವಾಗ ಎರಡರ ದನಿಯನ್ನೂ ಸಮಮಾಡಿಕೊಳ್ಳದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. 1972ರಲ್ಲಿ ಕೆಮಾರ್ ಎಂಬ ಬೊಂಬೆ ಬಂತು. ತಲೆ, ಎದೆ, ರಬ್ಬರಿನ ಕಿವಿ, ಕಿವಿಯೊಳಗೆ ಮೈಕು. ಎದುರಿನ ಸ್ಪೀಕರಿನ ನಾದ ನಮ್ಮ ಭುಜ, ತಲೆ, ಹೊರಕಿವಿಗಳಿಗೆ ತಾಗಿ 3,000 ಹರ್ಟ್ಸ್ ಆಸುಪಾಸಿನಲ್ಲಿ ಉಬ್ಬಿಕೊಂಡೇ ಒಳಗೆ ಹೋಗುತ್ತದೆ. ಹೆಡ್‌ಫೋನು ಆ ದಾರಿಯನ್ನು ಬಹುಪಾಲು ತಪ್ಪಿಸಿಬಿಡುವುದರಿಂದ ಉಬ್ಬನ್ನು ತಾನೇ ಕೂಡಿಸಬೇಕು. ಎಷ್ಟು ಕೂಡಿಸಬೇಕು? ಎಲ್ಲ ದಿಕ್ಕಿನಿಂದ ಸಮನಾಗಿ ಬರುವ ನಾದವನ್ನೇ ಮಾದರಿಯಾಗಿ ಹಿಡಿಯಬೇಕೆಂದು 1986ರಲ್ಲಿ ಸಂಶೋಧಕ ಗುಂಟರ್ ಥೈಲೆ ವಾದಿಸಿದರು. ಆ ಮಾದರಿ ಬಹುಕಾಲ ನಡೆಯಿತು, ಕೇಳುವವರಿಗೆ ಮಾತ್ರ ನಾದ ತೆಳುವೆನಿಸುತ್ತಿತ್ತು.

2012ರ ಸುಮಾರಿಗೆ ಹರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಪ್ರಶ್ನೆಯನ್ನು ಕೇಳುಗರ ಮುಂದೆಯೇ ಇಟ್ಟರು. ಯಾವ ಕಂಪನಿಯದ್ದೆಂದು ಗೊತ್ತಾಗದಂತೆ, ಒಂದೇ ಹೆಡ್‌ಫೋನಿನಲ್ಲಿ ಬೇರೆ ಬೇರೆ ಹೆಡ್‌ಫೋನುಗಳ ನಾದವನ್ನು ಅನುಕರಿಸಿ ಕೇಳಿಸಿದರು. ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿಗೆ ಹತ್ತಿರವಾದ, ಬೇಸ್ ಒಂದಿಷ್ಟು ಏರಿಸಿದ ನಾದವನ್ನು ಬಹುಪಾಲು ಜನ ಮೆಚ್ಚಿದರು. 2017ರಲ್ಲಿ ಸಂಶೋಧಕ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನುಗಳನ್ನು ಅಳೆದು, ಬೆಲೆಗೂ ಸ್ವರಗಳ ಸಮತೋಲಕ್ಕೂ ನಂಟಿಲ್ಲವೆಂದು ಪ್ರಕಟಿಸಿದರು. ಕಡಿಮೆ ದುಡ್ಡಿನವರಿಗೆ ಧೈರ್ಯ ಕೊಡುವ ಸಂಶೋಧನೆ ಅದು.

ಈ ಶೋಧಗಳ ಬಗ್ಗೆ ನನಗೆ ಗೌರವವಿದೆ, ಎರಡು ತಕರಾರೂ ಇವೆ. ಹರ್ಮನ್‌ನವರು ವಯಸ್ಸು, ದೇಶಗಳ ರುಚಿ ಹೋಲಿಸಿದ 2014ರ ಅಧ್ಯಯನದಲ್ಲಿದ್ದವರು ಕೆನಡಾ, ಅಮೆರಿಕ, ಜರ್ಮನಿ, ಚೀನಾದ ಕೇಳುಗರು. ಪಖವಾಜಿನ ಎಡಮುಖಕ್ಕೆ ಮೆತ್ತಿದ ಕಣಕದ ಹಿಟ್ಟಿನಿಂದ ಬರುವ ಆ ತೂಕದ ನಾದ, ತಂಬೂರಿಯ ಜವಾರಿ, ಭಜನೆಯ ತಾಳದ ಕಿಣಿಕಿಣಿ ಇವನ್ನು ಬಾಲ್ಯದಿಂದ ಕೇಳಿದ ಕಿವಿಗಳನ್ನು ಅಲ್ಲಿ ಯಾರೂ ಕೇಳಲಿಲ್ಲ. ಎರಡನೆಯ ತಕರಾರು ಮೈಗೆ ಸಂಬಂಧಿಸಿದ್ದು. ನಾದವೊಂದನ್ನೇ ಅಳೆಯಲೆಂದು ಆ ಪರೀಕ್ಷೆಗಳು ತೂಕ, ಒತ್ತಡ, ಸೆಕೆಗಳನ್ನು ಬೇಕೆಂದೇ ದೂರವಿಟ್ಟವು. ಪ್ರಯೋಗಕ್ಕೆ ಅದು ಸರಿ. ಆದರೆ ಕಿವಿಯ ಮೇಲಿನ ಹೆಡ್‌ಫೋನನ್ನು ಬೊಂಬೆಗೇ ಹತ್ತು ಸಲ ತೊಡಿಸಿದರೂ ಬೇಸ್‌ನ ರೇಖೆ ಒಂದೇ ರೀತಿ ಬರುವುದಿಲ್ಲ. ಕನ್ನಡಕವಿಲ್ಲದ, ಬೆವರದ, ಓಲೆ ತೊಡದ ಬೊಂಬೆಯ ಪಾಡೇ ಹೀಗಾದರೆ ನಮ್ಮದೇನು?

ನಿಲಂಗಾದ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ರೆಕ್ಸಿನ್ ಕುಶನ್ ಆ ಸೆಕೆಯಲ್ಲಿ ಕಿವಿಗೆ ಅಂಟಿಕೊಳ್ಳುತ್ತದೆ. ನಾನು ಕೊಂಡದ್ದರ ಹೊದಿಕೆ ಒಂದೇ ಬೇಸಿಗೆಗೆ ಕರಿ ಹೊಪ್ಪಳೆಯಾಗಿ ಉದುರಿ, ಕಿವಿಯ ಹಿಂದೆ ಅಂಟಿಕೊಳ್ಳತೊಡಗಿತು. ಉದುರಿದ ಕುಶನ್ ಸರಿಯಾಗಿ ಕೂರದು, ಬೇಸ್ ಮತ್ತೆ ಸೋರಿತು. ತೆಳ್ಳಗಿನ ಕಡ್ಡಿಯ ಕನ್ನಡಕಕ್ಕೆ ಹೊಂದುವುದು ದಪ್ಪ ಕಡ್ಡಿಯದಕ್ಕೆ ಹೊಂದದು. ಬುಗುಡಿ ತೊಟ್ಟ ಹೆಂಗಸಿಗೆ ಕುಶನ್ನಿನ ಒತ್ತಡ ನೇರ ಆ ಲೋಹದ ಮೇಲೆ ಬೀಳುತ್ತದೆ. ತಲೆಗೆ ರುಮಾಲು ಸುತ್ತಿದ ಹಿರಿಯರಿಗೆ ಹೆಡ್‌ಫೋನಿನ ತಲೆಪಟ್ಟಿಯೇ ಸಾಲದು. ಯಾವ ವಿಮರ್ಶೆಯಲ್ಲೂ ನಾನು ಇವರನ್ನು ಕಂಡಿಲ್ಲ.

ಇದು ಬರೀ ಸುಖದ ಮಾತಲ್ಲ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಬಸ್ಸಿನಲ್ಲಿ ಕೂತಾಗ ಹೊರಗಿನ ಗದ್ದಲ ಈ ಹೆಡ್‌ಫೋನಿನೊಳಗೆ ಸಲೀಸಾಗಿ ನುಗ್ಗುತ್ತದೆ, ಕೈ ತಾನಾಗಿಯೇ ವಾಲ್ಯೂಮಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ದೊಡ್ಡವರಿಗೆ ವಾರಕ್ಕೆ 40 ತಾಸು, 80 ಡೆಸಿಬಲ್. ಮಕ್ಕಳಿಗೆ 75. ದನಿ ಪ್ರತಿ 3 ಡೆಸಿಬಲ್ ಏರಿದಂತೆ ತಾಸು ಅರ್ಧಕ್ಕೆ ಇಳಿಯುತ್ತದೆ, 86ಕ್ಕೆ ಉಳಿಯುವುದು ವಾರಕ್ಕೆ 10 ತಾಸು ಮಾತ್ರ.

ಹಾಗಾಗಿ ಅಂಗಡಿಗೆ ಹೋಗುವಾಗ ಕನ್ನಡಕ, ಓಲೆ, ರುಮಾಲು ದಿನದಂತೆಯೇ ಇರಲಿ. ನೀವು ನೂರು ಸಲ ಕೇಳಿದ ಹಾಡನ್ನು ಮೊಬೈಲಿನಲ್ಲಿ ಒಯ್ಯಿರಿ, ಅದರ ಜೊತೆ ಒಂದು ಕನ್ನಡ ವಾರ್ತೆಯನ್ನೂ. ಸ, ಶ ಅಕ್ಷರಗಳು ಚುಚ್ಚಿದರೆ ಮೇಲ್ಸ್ವರ ಹೆಚ್ಚಾಗಿದೆ ಎಂದೇ ಅರ್ಥ. ಕೇಳುತ್ತಲೇ ಕುಶನ್‌ಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಬೇಸ್ ದಿಢೀರನೆ ಏರಿದರೆ ಅದು ನಿಮ್ಮ ಕಿವಿಗೆ ಸರಿಯಾಗಿ ಕೂತಿಲ್ಲ. ಕುಶನ್ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ. ಇಪ್ಪತ್ತು ನಿಮಿಷ ತೆಗೆಯದೆ ಹಾಕಿಕೊಂಡು ಕೂತಿರಲು ಬಿಡದ ಅಂಗಡಿಯಲ್ಲಿ ದಯವಿಟ್ಟು ಕೊಳ್ಳಬೇಡಿ.